ಚಿನ್ನಿಯ ಮೂಗಿಗೊಂದು ಕೆಲಸ

ಇದು ಎರಡು ವರ್ಷದ ಹಿಂದಿನ ಮಾತು. ಬಸವೇಶ್ವರನಗರದಲ್ಲಿ ನಾನು ಸಾಕುಪ್ರಾಣಿಗಳ ಕ್ಲಿನಿಕ್ ತೆರೆದು ಆಗಲೇ ಹತ್ತೊಂಬತ್ತು ವರ್ಷವಾಗಿತ್ತು. ನಾಯಿಯ ಮುಖ ನೋಡಿಯೇ ಕಾಯಿಲೆ ಹೇಳಬಲ್ಲೆ ಎಂಬ ಜಂಬ ನನಗೆ ಸ್ವಲ್ಪ ಹೆಚ್ಚಾಗಿಯೇ ಇತ್ತು. ಅದನ್ನು ಇಳಿಸಿದವಳು ಚಿನ್ನಿ ಎಂಬ ಮೂರು ವರ್ಷದ ನಾಟಿ ನಾಯಿ.

ಅವಳನ್ನು ಕರೆತಂದವರು ನಾಗರತ್ನಮ್ಮ, ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಟೀಚರ್. ಅವರು ಮೊದಲನೇ ಮಹಡಿಯಲ್ಲಿ ಬಾಡಿಗೆಗಿದ್ದರು, ಕೆಳಗೆ ಮನೆ ಓನರ್ ರಂಗಸ್ವಾಮಿ. ಚಿನ್ನಿ ಅಷ್ಟರಲ್ಲಾಗಲೇ ಎರಡು ದಿಂಬು, ಒಂದು ಪರದೆ, ಟೀವಿ ರಿಮೋಟು ಮುಗಿಸಿದ್ದಳು. ಟೀಚರ್ ಅದನ್ನೆಲ್ಲ ಸಹಿಸಿಕೊಂಡಿದ್ದರು. ದಿನವಿಡೀ ಬೊಗಳುವುದನ್ನು ಮಾತ್ರ ರಂಗಸ್ವಾಮಿ ಸಹಿಸಲಿಲ್ಲ.

"ತಿಂಗಳ ಕೊನೇಗೆ ನಾಯಿ ಹೋಗ್ಬೇಕು, ಇಲ್ಲಾಂದ್ರೆ ಮನೆ ಖಾಲಿ ಮಾಡಿ ಅಂದ್ಬಿಟ್ರು ಡಾಕ್ಟ್ರೇ," ಎನ್ನುವಾಗ ಟೀಚರ್ ಕಣ್ಣು ತುಂಬಿತ್ತು.

ರಕ್ತ ಪರೀಕ್ಷೆ ಮಾಡಿಸಿದೆ. ಕಿವಿ, ಹಲ್ಲು ನೋಡಿದೆ. ಎಲ್ಲ ಸರಿಯಾಗಿತ್ತು. ವ್ಯಾಯಾಮ ಸಾಲದು, ದಿನಾ ಎರಡು ಹೊತ್ತು ಚೆನ್ನಾಗಿ ನಡೆಸಿ ಎಂದು ಬರೆದುಕೊಟ್ಟೆ. ಪಾಪ, ಟೀಚರ್ ಮಂಡಿನೋವು ಲೆಕ್ಕಿಸದೆ ಆಟೋ ಮಾಡಿಕೊಂಡು ಮಲ್ಲತ್ತಹಳ್ಳಿ ಕೆರೆಯವರೆಗೂ ಹೋಗಿ ನಡೆಸಿದರು. ಎರಡು ವಾರದಲ್ಲಿ ಚಿನ್ನಿ ಪೈಲ್ವಾನಳಾದಳು. ಹೊಸ ಉತ್ಸಾಹದಲ್ಲಿ ಮೂರನೇ ದಿಂಬನ್ನೂ ಹರಿದಳು. ನನಗೆ ನಾಚಿಕೆಯಾಯಿತು.

ತಿಂಗಳ ಕೊನೆಯ ಭಾನುವಾರ ನಾನೇ ಅವರ ಮನೆಗೆ ಹೋದೆ. ಟೀಚರ್ ಮೊಸರನ್ನ ಕಲಸಿ, ಒಂದೊಂದೇ ತುತ್ತು ಮಾಡಿ ಚಿನ್ನಿಯ ಬಾಯಿಗಿಡುತ್ತಿದ್ದರು.

"ತಟ್ಟೇಲಿ ಹಾಕಿದ್ರೆ ತಿನ್ನಲ್ವಾ?" ಎಂದೆ.

"ತಿಂತಾಳೆ. ಆದ್ರೂ ಅವಳಿಗ್ಯಾಕೆ ಕಷ್ಟ ಅಂತ."

ಅಷ್ಟರಲ್ಲಿ ತೆರೆದಿದ್ದ ಬಾಗಿಲಿನಿಂದ ಚಿನ್ನಿ ಕೆಳಗೆ ಓಡಿದಳು, ನಾವೂ ಹಿಂದೆಯೇ ಇಳಿದೆವು. ಅವರೇಕಾಯಿಯ ಕಾಲ. ವರಾಂಡದಲ್ಲಿ ರಂಗಸ್ವಾಮಿ ಕೋಡುಬಳೆ ಕಡಿಯುತ್ತಾ ಕಾಯಿ ಸುಲಿಯುತ್ತಿದ್ದರು. ಪಕ್ಕದಲ್ಲಿ ಪೇಪರಿನ ಮೇಲೆ ಸಿಪ್ಪೆಯ ರಾಶಿ. ಚಿನ್ನಿ ನೇರ ಅದರೊಳಗೆ ಮೂತಿ ತೂರಿಸಿದಳು. "ಆಯ್ತು, ಮನೆ ಖಾಲಿ ಮಾಡಿದ ಹಾಗೇ," ಎಂದು ಟೀಚರ್ ಮೆಟ್ಟಿಲಲ್ಲೇ ಕುಸಿದು ಕೂತರು.

ಚಿನ್ನಿ ಬೊಗಳಲಿಲ್ಲ. ಸಿಪ್ಪೆ ಸರಿಸಿ ಸರಿಸಿ ಮೂಸುತ್ತಾ, ಒಳಗೆ ಬಿದ್ದಿದ್ದ ಕೋಡುಬಳೆ ಚೂರುಗಳನ್ನು ಒಂದೊಂದೇ ಹುಡುಕಿ ತಿಂದಳು. ಇಪ್ಪತ್ತು ನಿಮಿಷ ಇದೇ ಕೆಲಸ. ಆಮೇಲೆ ರಂಗಸ್ವಾಮಿಯವರ ಕಾಲ ಬಳಿ ಉರುಳಿಕೊಂಡು ಗೊರಕೆ ಹೊಡೆದಳು.

"ಏನ್ ಡಾಕ್ಟ್ರೇ, ಇಂಜೆಕ್ಷನ್ ಗಿಂಜೆಕ್ಷನ್ ಕೊಟ್ರಾ? ಸದ್ದೇ ಇಲ್ವಲ್ಲ!" ಎಂದರು ರಂಗಸ್ವಾಮಿ.

ಆಗ ನನ್ನ ತಲೆಗೆ ಹೊಳೆಯಿತು. ನಾಯಿ ಮೂಸಿ, ಹುಡುಕಿ, ಯೋಚಿಸಿ ದಣಿಯಬೇಕು. ಇದನ್ನೇ ಮೆಂಟಲ್ ಸ್ಟಿಮ್ಯುಲೇಶನ್, ಅಂದರೆ ಮೆದುಳಿಗೆ ಕೆಲಸ, ಎಂದು ಓದಿ ಪರೀಕ್ಷೆಯಲ್ಲಿ ಬರೆದಿದ್ದವನು ನಾನೇ! ಟೀಚರ್ ಪ್ರೀತಿಯಿಂದ ಅವಳ ಕೆಲಸವನ್ನೆಲ್ಲ ಕಿತ್ತುಕೊಂಡಿದ್ದರು, ನಾನು ಅವಳ ಕಾಲಿಗಷ್ಟೇ ಔಷಧ ಬರೆದಿದ್ದೆ.

ತುತ್ತು ಕೊಡುವುದು ಅಂದೇ ನಿಂತಿತು. ಹಸಿ ಅವರೆ ನಾಯಿಗೆ ಆಗದು, ಕೋಡುಬಳೆಯೂ ಬೇಡ, ಸಿಪ್ಪೆ ನುಂಗದಂತೆ ಎದುರಿಗೇ ಕೂತಿರಿ ಎಂದು ಹೇಳಿ, ರಾಶಿಯಲ್ಲಿ ಚಪಾತಿ ಚೂರು, ಬೇಯಿಸಿದ ಗೆಣಸು ಬಚ್ಚಿಡಲು ಕಲಿಸಿದೆ. ಸಿಪ್ಪೆ ಒದಗಿಸುವ ಹೊಣೆಯನ್ನು ರಂಗಸ್ವಾಮಿಯವರ ತಲೆಗೆ ಕಟ್ಟಿದೆ. "ಒಂದ್ ತಿಂಗಳು ನೋಡ್ತೀನಿ, ಅಷ್ಟೇ," ಎಂದು ಅವರು ಗೊಣಗಿದರು.

ಮುಂದೆ ಒಂದು ಬೆಳಿಗ್ಗೆ ರಂಗಸ್ವಾಮಿಯವರೊಬ್ಬರೇ ಕ್ಲಿನಿಕ್‌ಗೆ ಬಂದರು. ಮುಖ ಗಂಭೀರವಾಗಿತ್ತು.

"ಮತ್ತೆ ಬೊಗಳ್ತಿದಾಳಾ ಸಾರ್?"

"ಅದಲ್ಲ ಡಾಕ್ಟ್ರೇ. ಅವರೇಕಾಯಿ ಮುಗೀತು. ಇನ್ಮೇಲೆ ನಮ್ ಚಿನ್ನಿಗೆ ಏನ್ ಕೆಲಸ ಕೊಡೋಣ?"

ನಾನು ಜೋರಾಗಿ ನಕ್ಕುಬಿಟ್ಟೆ. ಹಳೇ ಬಟ್ಟೆಯ ಚೂರುಗಳನ್ನು ರಟ್ಟಿನ ಡಬ್ಬಕ್ಕೆ ತುಂಬಿ ತಿಂಡಿ ಬಚ್ಚಿಡಿ ಎಂದೆ. ಅಂದಿನಿಂದ ನನ್ನ ಕೇಸ್ ಶೀಟಿನಲ್ಲಿ "ಏನು ತಿನ್ನುತ್ತದೆ?" ಎಂಬುದರ ಕೆಳಗೆ ಇನ್ನೊಂದು ಪ್ರಶ್ನೆ ಸೇರಿದೆ: "ಅದನ್ನು ಹೇಗೆ ಸಂಪಾದಿಸುತ್ತದೆ?"