ದಾದಾಪೀರ್ ಮಲಗಿ ನೋಡಿದ ಜಾಗ

ಕೊಟ್ಟೂರಿನಿಂದ ಹರಪನಹಳ್ಳಿಗೆ ಹೋಗುವ ರಸ್ತೆಯ ಬದಿಯಲ್ಲಿ ನಮ್ಮ ಕ್ರೈಸ್ತ ಸಭೆಯ ಸಮಾಧಿ ಜಾಗವಿದೆ. ಅದರ ಗೇಟಿನಿಂದ ಹದಿನಾಲ್ಕು ಹೆಜ್ಜೆ ಒಳಗೆ, ಬೇವಿನ ಮರದ ನೆರಳು ಮುಗಿಯುವಲ್ಲಿ, ನನ್ನ ಅವ್ವನಿಗೆಂದು ತೋಡಿದ ಕುಣಿಯ ತಲೆಯ ಕಡೆ ನಾನು ನಿಂತಿದ್ದೆ. ಎರಡು ವರ್ಷದ ಹಿಂದಿನ ಮಾರ್ಚ್ ತಿಂಗಳ ಮೊದಲ ಬುಧವಾರ, ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷ. ಕುಣಿಯೊಳಗೆ ಗೌಂಡಿ ದಾದಾಪೀರ್ ಅಂಗಾತ ಮಲಗಿದ್ದರು. ಕೈ ಎರಡೂ ಎದೆಯ ಮೇಲಿದ್ದವು, ಕಣ್ಣು ಮುಚ್ಚಿದ್ದವು. ಅವರ ಬಿಳಿ ಟೋಪಿ ಬೇವಿನ ಟೊಂಗೆಗೆ ನೇತಾಡುತ್ತಿತ್ತು.

ಅವರು ಹಾಗೆ ಮಲಗಿದ್ದರಲ್ಲಿ ಹೊಸತೇನೂ ಇರಲಿಲ್ಲ. ನಮ್ಮವರಿಗಾಗಿ ತೋಡಿದ ಪ್ರತಿಯೊಂದು ಕುಣಿಯಲ್ಲೂ ಅವರು ಮೊದಲು ತಾವು ಮಲಗಿ ನೋಡುತ್ತಿದ್ದರು. ಆಮೇಲೆ ನಡೆದದ್ದರ ಬಗ್ಗೆ ಊರಲ್ಲಿ ಬೇರೆ ಬೇರೆ ಮಾತಿವೆ. ಅದಕ್ಕೇ ಜಾಗವನ್ನೂ ಹೊತ್ತನ್ನೂ ಇಷ್ಟು ಬಿಡಿಸಿ ಬರೆದಿದ್ದೇನೆ.

ದಾದಾಪೀರ್ ಕಲ್ಲು, ಗಾರೆಯ ಕೆಲಸದವರು. ನಮ್ಮ ಚರ್ಚಿನ ಮೆಟ್ಟಿಲು ಅವರು ಕಟ್ಟಿದ್ದು. ನಮ್ಮ ಸಮಾಧಿ ಜಾಗಕ್ಕೂ ಅದರ ಮೂಡಣಕ್ಕಿರುವ ಮುಸಲ್ಮಾನರ ಖಬರಸ್ತಾನಕ್ಕೂ ನಡುವೆ ಇರುವ ಮೊಣಕಾಲೆತ್ತರದ ಗೋಡೆಯೂ ಅವರದೇ. ನಮ್ಮ ಸಭೆಯಲ್ಲಿ ಇರುವುದು ಇಪ್ಪತ್ತಾರು ಮನೆ. ಸಾವಾದರೆ ಗರಸು ನೆಲವನ್ನು ಆರಡಿ ಅಗೆಯಬಲ್ಲವರು ನಮ್ಮಲ್ಲಿ ಇರಲಿಲ್ಲ. ಹೀಗಾಗಿ ಎಲ್ಲರೂ ಅವರ ಮನೆಗೇ ಹೋಗುತ್ತಿದ್ದೆವು. ಅವರು ಹಾರೆ ಹೊತ್ತು, ಜೊತೆಗಾರ ಹನುಮಂತಪ್ಪನನ್ನು ಕರೆದುಕೊಂಡು ಬರುತ್ತಿದ್ದರು. ಒಂದೇ ಕರಾರು: "ಶುಕ್ರವಾರ ಒಂದರಿಂದ ಎರಡು ಗಂಟಿ ತನಕ ಯಾರೂ ಕರೀಬ್ಯಾಡ್ರಿ. ಅದು ನನ್ನ ನಮಾಜಿನ ಹೊತ್ತು. ನಿಮ್ಮವರು ಹೆಂಗೂ ಓಡಿ ಹೋಗಂಗಿಲ್ಲ."

ಮಲಗಿ ನೋಡುವ ಅಭ್ಯಾಸಕ್ಕೆ ಒಂದು ಕಾರಣವಿತ್ತು. ಅವರು ಮೊದಲ ಸಲ ನಮಗೆ ಕುಣಿ ತೋಡಿದಾಗ ಪೆಟ್ಟಿಗೆ ಇಳಿಸುವ ಹೊತ್ತಿಗೆ ಒಂದು ಮೂಲೆ ಕಲ್ಲಿಗೆ ತಾಗಿ ವಾಲಿತು. ಒಳಗಿದ್ದ ಮುದುಕಿಯ ದೇಹ ಮಗ್ಗುಲಾದ ಸದ್ದು ಎಲ್ಲರಿಗೂ ಕೇಳಿಸಿತು. ಅಂದಿನಿಂದ ಅವರು ಅಗೆದು ಮುಗಿಸಿ, ತಳ ಒಪ್ಪ ಮಾಡಿ, ಟೋಪಿ ತೆಗೆದು, ತಾವೇ ಒಂದು ನಿಮಿಷ ಮಲಗಿ ಏಳುತ್ತಿದ್ದರು. ಯಾರಾದರೂ ಹೆದರಿ ಬೈದರೆ, "ಹಾಸಿಗಿ ಹಾಸಿದಾಂವ ಬೆನ್ನಿಗೆ ಏನರ ಚುಚ್ಚತೈತೇನು ಅಂತ ನೋಡಬೇಕಿಲ್ಲೇನ್ರಿ?" ಎನ್ನುತ್ತಿದ್ದರು. ಮಲಗಿದಲ್ಲಿಂದಲೇ "ಚಲೋ ಐತಿ, ತರ್ರಿ" ಅನ್ನುವುದು, ಏಳುವುದು. ಅವರ ಎತ್ತರ ಐದಡಿ ಏಳಿಂಚು. "ನಿಮ್ಮಾಗ ಉದ್ದಾನವರು ಸತ್ರ ಮೊದ್ಲ ಹೇಳಿಬಿಡ್ರಿ, ನನ್ನ ಅಳತಿ ಸಾಲಂಗಿಲ್ಲ" ಎಂದು ಸಾವಿನ ಮನೆಯಲ್ಲೇ ನಗಿಸಿದ್ದರು.

ಬಡಗಿ ಜ್ಞಾನಪ್ಪ ತೀರಿಕೊಂಡ ದಿನ ಅವರು ನಗಲಿಲ್ಲ. ದಾದಾ ಗೋಡೆ ಎಬ್ಬಿಸಿದ ಮನೆಗಳಿಗೆ ಇಪ್ಪತ್ತು ವರ್ಷ ಬಾಗಿಲು ಕೂಡಿಸಿದವನು ಜ್ಞಾನಪ್ಪ. ನಾನು ಹೋಗಿ ನೋಡುವಾಗ ಕುಣಿ ಸೊಂಟದ ಆಳ ಬಂದಿತ್ತು. ನಾನು ಭೂಮಾಪನ ಇಲಾಖೆಯಲ್ಲಿ ದುಡಿದವನು, ದಿಕ್ಕು ತಪ್ಪಿದರೆ ಕಣ್ಣಿಗೆ ಹೊಡೆಯುತ್ತದೆ.

"ದಾದಾ, ಇದು ಬಡಗು ತೆಂಕು ಆಗೈತಲ್ಲ" ಅಂದೆ.

ನಮ್ಮಲ್ಲಿ ತಲೆ ಪಡುವಣಕ್ಕೆ, ಕಾಲು ಮೂಡಣಕ್ಕೆ. ಪುನರುತ್ಥಾನದ ದಿನ ಎದ್ದರೆ ಮುಖ ಮೂಡಣಕ್ಕಿರಬೇಕು. ಅವರಲ್ಲಿ ತಲೆ ಬಡಗಣಕ್ಕೆ ಇಟ್ಟು, ಮುಖವನ್ನು ಪಡುವಣಕ್ಕೆ ತಿರುಗಿಸಿ ಮಲಗಿಸುತ್ತಾರೆ. ದಾದಾ ಹಾರೆ ಹಿಡಿದು ಕುಣಿಯ ಉದ್ದಕ್ಕೂ ನೋಡಿದರು. ಹಣೆ ಚಚ್ಚಿಕೊಂಡರು.

"ಅರೆ ಅಲ್ಲಾ! ನಮ್ಮಾಂವ ಅಂತ ತೋಡಿಬಿಟ್ನಲ್ರಿ!"

ಇರಲಿ ಬಿಡಿ ಎಂದು ನಾಲ್ಕು ಜನ ಅಂದರು. ನಾನು ಬಿಡಲಿಲ್ಲ. ದಾದಾ ಅದನ್ನು ಮುಚ್ಚಿ, ದಿಕ್ಕು ತಿರುಗಿಸಿ ಮತ್ತೆ ತೋಡಿದರು. ಎರಡೂವರೆ ತಾಸು ಹಿಡಿಯಿತು. ನಡುವೆ ನೀರು ಕುಡಿಯಲು ಆ ಗೋಡೆಯ ಮೇಲೆ ಕೂತಾಗ ನನ್ನನ್ನು ಹತ್ತಿರ ಕರೆದರು.

"ಸರ್ವೇ ಸಾಹೇಬ್ರ, ನೀವು ಮೂಡಣಕ್ಕ ನೋಡ್ತೀರಿ, ನಾವು ಪಡುವಣಕ್ಕ ನೋಡ್ತೀವಿ. ಎದ್ದ ದಿನ ಈ ಗ್ವಾಡಿ ಮ್ಯಾಲೆ ಎದುರುಬದರು ಆಗ್ತೀವಿ ನೋಡ್ರಿ" ಅಂದರು. ಆಮೇಲೆ, "ನಿಮ್ಮವರು ಮೂವತ್ನಾಕು ಮಂದೀನ ನಾನ ಕಳಿಸೀನಿ. ನಾ ಹೋದ್ರ ನಿಮ್ಮ ಸ್ವರ್ಗದಾಗ ಒಳಗ ಬಿಡ್ತಾರೇನು?" ಎಂದು ಕೇಳಿದರು.

ತಮಾಷೆಗೆ ಕೇಳಿದರೆಂದು ಬಹಳ ದಿನ ಅಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಗೆಳೆಯನ ಕುಣಿ ತೋಡುತ್ತಿದ್ದವನ ಪ್ರಶ್ನೆ ಅದು. ನಾನು ಹನ್ನೆರಡು ವರ್ಷ ಭಾನುವಾರದ ಮಕ್ಕಳ ತರಗತಿಯಲ್ಲಿ ಹೇಳಿಕೊಟ್ಟಿದ್ದನ್ನೇ ಹೇಳಿದೆ.

"ನಮ್ಮ ಶಾಸ್ತ್ರದಾಗ ಹಂಗ ಇಲ್ಲ ದಾದಾ. ದೀಕ್ಷಾಸ್ನಾನ ಆಗಿರಬೇಕು."

ಉಳಿದ ನೀರನ್ನು ಅವರು ಕಾಲಿಗೆ ಸುರಿದುಕೊಂಡರು. "ಹಂಗಾರ ಬಾಗ್ಲ ಹೊರಗ ಕುಂದರ್ತೀನಿ ಬಿಡ್ರಿ. ಜ್ಞಾನಪ್ಪ ಹೋಗ್ಯಾನಲ್ಲ ಒಳಗ, ಒಂದು ಸಂದಿ ಬಿಟ್ಟಿರ್ತಾನ" ಅಂದು ಹಾರೆ ಎತ್ತಿಕೊಂಡರು.

ಸಂಜೆ ಅವ್ವನಿಗೆ ಇದನ್ನು ಹೇಳಿದೆ. ಅವಳು ಸಜ್ಜೆ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟಳು.

"ಹೊಲ ಅಳದಂಗ ಸ್ವರ್ಗಾನೂ ಅಳಿಯಾಕ ಹೋಗಿದ್ದೇನಲೇ? ಅಲ್ಲಿ ಕಲ್ಲು ನೆಡಾಕ ನಿನಗ ಯಾರು ಆರ್ಡರ್ ಕೊಟ್ರು?"

"ಶಾಸ್ತ್ರ ಅವ್ವ..."

"ಶಾಸ್ತ್ರ ನಾನೂ ಓದೀನಿ. ನಿಮ್ಮಪ್ಪನ ಕುಣಿಯಾಗ ಮಲಗಿ ಎದ್ದಾಂವ ಅಂವ. ಅಂಗಿ ತುಂಬ ಮಣ್ಣಾಗಿತ್ತು. ಆ ಮಾತು ವಾಪಸ್ ತಗಾ. ನಾ ಸಾಯೋದ್ರಾಗ ತಗಾ."

ನಾನು ತೆಗೆದುಕೊಳ್ಳಲಿಲ್ಲ. ಆಮೇಲಿನ ಮೂರು ವರ್ಷದಲ್ಲಿ ದಾದಾ ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ ಎಷ್ಟೋ ಸಲ ಸಿಕ್ಕರು. ಪ್ರತಿ ಸಲ "ಹೆಂಗದಾಳ ಅವ್ವ?" ಎಂದು ಕೇಳಿದರು. ಅವಳು ಕೊನೆಯ ವಾರದಲ್ಲಿ ಹೆಚ್ಚು ಮಾತಾಡುತ್ತಿರಲಿಲ್ಲ. ಮಾತಾಡಿದಾಗ, "ಹೇಳಿದ್ಯೇನು?" ಎಂದಷ್ಟೇ ಕೇಳುತ್ತಿದ್ದಳು. ಇಲ್ಲವೆಂದು ತಲೆಯಾಡಿಸುತ್ತಿದ್ದೆ. ಅವಳು ಮುಖ ಗೋಡೆಗೆ ತಿರುಗಿಸುತ್ತಿದ್ದಳು.

ಆ ಬುಧವಾರ ನಾನು ಕುಣಿಯ ತಲೆಯ ಕಡೆ ನಿಂತಿದ್ದದ್ದು ಅದಕ್ಕೇ. ದಾದಾ ಎದ್ದು ಮೇಲೆ ಬಂದ ಕೂಡಲೇ ಹೇಳಬೇಕೆಂದಿದ್ದೆ. ವಾಕ್ಯವನ್ನೂ ಜೋಡಿಸಿಟ್ಟುಕೊಂಡಿದ್ದೆ.

ಅವರು ಮಲಗಿದರು. ಭುಜ ಎಡಕ್ಕೂ ಬಲಕ್ಕೂ ಒತ್ತಿ ನೋಡಿದರು. "ಚಲೋ ಐತಿ" ಅಂದರು.

ಅದರ ಹಿಂದೆಯೇ ಬರಬೇಕಾದ "ತರ್ರಿ" ಬರಲಿಲ್ಲ.

ನಾನು ಗಡಿಯಾರ ನೋಡಿದೆ, ಮೂರು ಇಪ್ಪತ್ತೆರಡು. "ದಾದಾ" ಅಂದೆ. ಹನುಮಂತಪ್ಪ ಕುಣಿಯ ಕಾಲಿನ ಕಡೆ ಸಲಿಕೆ ಒರೆಸುತ್ತಿದ್ದ. ಅವನು ನಕ್ಕು, "ಏ ದಾದಾ, ನಿದ್ದಿ ಹೋದ್ಯೇನಲೇ? ಹಾಸಿಗಿ ಮುದುಕೀದು, ಏಳು" ಎಂದ. ಮರದ ಕೆಳಗೆ ಹಡಗಲಿ ಮಲ್ಲಿಗೆಯನ್ನು ಕಟ್ಟುತ್ತ ಕೂತಿದ್ದ ಅಂಗನವಾಡಿಯ ಕರುಣಮ್ಮ ಮೊದಲು ಎದ್ದಳು. ಹನುಮಂತಪ್ಪ ಒಳಗೆ ಧುಮುಕಿ ಮೂಗಿನ ಹತ್ತಿರ ಕೈಯಿಟ್ಟ. ಎದೆ ಒತ್ತಿದ. ಮತ್ತೆ ಮತ್ತೆ ಒತ್ತಿದ. ನಾನೂ ಇಳಿದೆ. ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು. ಕರೆತರುವ ಮೊದಲೇ ಜೀವ ಹೋಗಿತ್ತು ಎಂದು ಡಾಕ್ಟರು ಹೇಳಿದರು.

ಅಂದು ನಮ್ಮ ಸಭೆಯ ಹಿರಿಯ ಸಮುವೇಲಪ್ಪನೂ ಅಲ್ಲಿದ್ದ. ಗೇಟಿನ ಹತ್ತಿರ, ಅಂದರೆ ಕುಣಿಯಿಂದ ಹದಿನಾಲ್ಕು ಹೆಜ್ಜೆ ದೂರ. ನಾವು ಆಸ್ಪತ್ರೆಯಿಂದ ಮರಳಿ, ಅವ್ವನ ಪೆಟ್ಟಿಗೆಯನ್ನು ಸಮಾಧಿ ಜಾಗಕ್ಕೆ ತಂದ ಮೇಲೆ, ಹಡಗಲಿಯಿಂದ ಸಭಾಪಾಲಕರು ಬಂದು ಇಳಿದಾಗ ಅವನು ಅಳುತ್ತ ಹೇಳಿದ್ದು ಇದು: "ಯೇಸುವೇ ಅಂದಾನ್ರಿ ದಾದಾ, ಕಡೀಗೆ ಯೇಸುವೇ ಅಂದಾನ. ನಾ ಕೇಳೀನಿ. ಒಳಗ ಹೋಗ್ಯಾನ ಅಂವ."

ಸಭಾಪಾಲಕರು ನನ್ನ ಕಡೆ ತಿರುಗಿದರು. "ನೀವು ಹತ್ತಿರ ಇದ್ರಿ. ಏನು ಕೇಳಿದ್ರಿ?"

ಸಮುವೇಲಪ್ಪ ನನ್ನ ತೋಳು ಹಿಡಿದು ಕಿವಿಯ ಹತ್ತಿರ, "ಹ್ಞೂಂ ಅನ್ನಲೇ. ನಿನಗ ಅಂವ ಅಲ್ಲಿ ಬ್ಯಾಡೇನು?" ಎಂದ.

ಅವನಿಗೆ ದಾದಾ ಬೇಕಾಗಿದ್ದರು. ಅವನನ್ನು ನಾನು ಎಂದೂ ಹಂಗಿಸಿಲ್ಲ. ಆದರೆ ಶುಕ್ರವಾರದ ಒಂದು ತಾಸನ್ನು ಯಾರ ಸಾವಿಗೂ ಬಿಟ್ಟುಕೊಡದ ಮನುಷ್ಯನನ್ನು, ಅವರು ಎದ್ದು ಜಗಳವಾಡಲಾರದ ಹೊತ್ತಿನಲ್ಲಿ, ನಮ್ಮವನೆಂದು ಬರೆದುಕೊಳ್ಳುವುದು ನನ್ನಿಂದಾಗಲಿಲ್ಲ. ಹಾಗೆ ಬರೆದುಕೊಂಡರೆ ಮಾತ್ರ ಬಾಗಿಲು ತೆರೆಯುವುದಾದರೆ, ಅದು ಅವ್ವ ಪ್ರಾರ್ಥಿಸಿದ ದೇವರ ಬಾಗಿಲಲ್ಲ.

"'ಚಲೋ ಐತಿ' ಅಂದ್ರು. ಮತ್ತೇನೂ ಅನ್ನಲಿಲ್ಲ" ಅಂದೆ. "ಮುಸಲ್ಮಾನರಾಗಿ ಬದುಕಿದ್ರು, ಮುಸಲ್ಮಾನರಾಗೇ ಹೋದ್ರು."

ಸಭಾಪಾಲಕರು ತಲೆ ತಗ್ಗಿಸಿದರು. "ತೀರ್ಪು ನಮ್ಮ ಕೈಯಾಗಿಲ್ಲ" ಅಂದರು.

"ಇಲ್ರಿ. ಆದ್ರೂ ಮೂರು ವರ್ಷದ ಹಿಂದ ನಾನು ಕೊಟ್ಟುಬಿಟ್ಟಿದ್ದೆ. ಅದನ್ನ ಈಗ ಎಲ್ಲಾರ ಮುಂದ ವಾಪಸ್ ತಗಳಾಕತ್ತೀನಿ. ದಾದಾ ಒಳಗ ಅದಾರ."

ಜೋಡಿಸಿಟ್ಟುಕೊಂಡಿದ್ದ ವಾಕ್ಯ ಬೇರೆಯೇ ಇತ್ತು. ಬಂದದ್ದು ಇದು. ಅವ್ವನ ಪೆಟ್ಟಿಗೆಯ ಪಕ್ಕದಲ್ಲಿ ನಿಂತು ಹೇಳಿದೆ. ಆದರೆ ಕೇಳಬೇಕಾಗಿದ್ದ ಇಬ್ಬರೂ ಕೇಳಲಿಲ್ಲ.

ಬೇರೆ ಕುಣಿ ತೋಡಿಸೋಣ, ಅದರಲ್ಲಿ ಒಂದು ಜೀವ ಹೋಗಿದೆ ಎಂದು ಕೆಲವರು ಅಂದರು. ದಾದಾ ಮಲಗಿ ನೋಡಿ ಚಲೋ ಐತಿ ಅಂದ ಜಾಗ ಅದು, ಅವ್ವನಿಗೆ ಅದೇ ಬೇಕು ಅಂದೆ. ಪೆಟ್ಟಿಗೆ ಎಲ್ಲೂ ತಾಗದೆ ನೆಟ್ಟಗೆ ಕೂತಿತು. ಮರುದಿನ ಬೆಳಿಗ್ಗೆ ದಾದಾರನ್ನು ಗೋಡೆಯಾಚೆ, ಗೋಡೆಯಿಂದ ಮೂರು ಹೆಜ್ಜೆಯಲ್ಲಿ, ಮುಖ ಪಡುವಣಕ್ಕೆ ಮಾಡಿ ಮಲಗಿಸಿದರು. ಅವ್ವನ ಕಾಲು ಆ ಕಡೆಗೇ ಇವೆ. ಎದ್ದರೆ ಎದುರುಬದರು.

ಸಮುವೇಲಪ್ಪ ಹೋದ ಶ್ರಾವಣದಲ್ಲಿ ತೀರಿಕೊಂಡ. ಅದಕ್ಕೆ ನಾಲ್ಕು ದಿನ ಮೊದಲು ನೋಡಲು ಹೋದಾಗ, "ನನ್ನ ಕುಣಿಯಾಗ ಯಾರು ಮಲಗಿ ನೋಡ್ತಾರಲೇ?" ಎಂದು ಕೇಳಿದ. ಬೇರೆ ಯಾವುದಕ್ಕೂ ಅವನು ಅಷ್ಟು ಹೆದರಿದ್ದನ್ನು ಕಂಡಿಲ್ಲ. ಹನುಮಂತಪ್ಪ ತೋಡಿ ಮೇಲೆ ಬಂದ ಮೇಲೆ ನಾನು ಚಪ್ಪಲಿ ಬಿಟ್ಟು ಒಳಗಿಳಿದು ಮಲಗಿದೆ. ಎಡ ಭುಜದ ಕೆಳಗೆ ನಿಂಬೆಹಣ್ಣಿನಷ್ಟು ದಪ್ಪದ ಒಂದು ಕಲ್ಲಿತ್ತು. ಅದನ್ನು ಕಿತ್ತು ಹೊರಗೆ ಹಾಕಿ ಮತ್ತೆ ಮಲಗಿದೆ. ಅಲ್ಲಿಂದ ಕಾಣುವುದು ಬೇವಿನ ಒಂದು ಟೊಂಗೆ ಮತ್ತು ಆಕಾಶ. ನಾನು ಮೂಡಣಕ್ಕೆ ಕತ್ತೆತ್ತಿ ನೋಡಿದೆ. ಗೋಡೆ ಕಾಣುವುದಿಲ್ಲ.

"ಚಲೋ ಐತಿ, ತರ್ರಿ" ಅಂದೆ.

ಆ ಬುಧವಾರ ಕುಣಿಯ ಹತ್ತಿರ ಇದ್ದವರಲ್ಲಿ, ನನ್ನನ್ನು ಬಿಟ್ಟರೆ, ಈಗ ಬದುಕಿರುವವರು ಇಬ್ಬರು. ಕಾಲಿನ ಕಡೆ ನಿಂತಿದ್ದ ಹನುಮಂತಪ್ಪ ಮತ್ತು ಮರದ ಕೆಳಗೆ ಹೂ ಕಟ್ಟುತ್ತಿದ್ದ ಕರುಣಮ್ಮ. ನನ್ನ ಮಾತು ನಂಬದವರು ಅವರನ್ನು ಕೇಳಬಹುದು.