ರಾವೂರಿನ ಹಳೆ ಖಣಿಗೆ ಬಿದ್ದ ನರಿ

ರಾವೂರಿನ ತುಳಜಾಬಾಯಿ ಇಪ್ಪತ್ತೆರಡು ವರ್ಷ ಖಣಿಯಲ್ಲಿ ನೆಲಕ್ಕೆ ಹಾಸುವ ಫರ್ಶಿ ಕಲ್ಲು ಎಬ್ಬಿಸಿದವಳು. ಮೊಣಕಾಲು ಸೋತ ಮೇಲೆ ಈಗ ಪಾಲಿಶ್ ಮಷೀನಿನ ಮುಂದೆ ನಿಲ್ಲುತ್ತಾಳೆ. ಅವಳ ಹಿತ್ತಲು ಮುಗಿಯುವಲ್ಲಿ ಅವಳೇ ದುಡಿದ ಹಳೆ ಖಣಿ ಶುರುವಾಗುತ್ತದೆ. ಕಲ್ಲು ತೀರಿದ ಮೇಲೆ ಅದನ್ನು ಹಾಗೇ ಬಿಟ್ಟರು; ಮಳೆನೀರು ತುಂಬಿತು. ಚಳಿ ಬಿತ್ತೆಂದರೆ ಆ ನೀರಿಗೆ ಎಲ್ಲಿಂದಲೋ ಬಾತುಗಳು ಇಳಿಯುತ್ತವೆ, ಬಾಲ ಕುಣಿಸುವ ಸಿಪಿಲೆ ಹಕ್ಕಿಗಳು ಹಿತ್ತಲಿಗೇ ಬರುತ್ತವೆ. ಸಿಪಿಲೆಗಳಿಗೆ ಹುಳ ಸಿಗಲೆಂದು ಅವಳು ಬೇಲಿಯ ಕಸ ಕೀಳುವುದಿಲ್ಲ. ಗುಬ್ಬಿಗಳಿಗೆ ಜೋಳದ ತೆನೆ ಕಟ್ಟುತ್ತಾಳೆ. ಚಹಾ ಆರಿಹೋದರೂ ನೋಡುತ್ತ ಕೂತಿರುತ್ತಾಳೆ.

ಕಳೆದ ಜನವರಿಯ ಒಂದು ಮುಂಜಾನೆ ಬಾತುಗಳೆಲ್ಲ ಒಮ್ಮೆಗೇ ಚೀರಿ ಎದ್ದವು. ತುಳಜಾಬಾಯಿ ಹೋಗಿ ಇಣುಕಿದಳು. ಏಳೆಂಟು ಅಡಿ ಕೆಳಗೆ ನೀರಿನಲ್ಲಿ ಒಂದು ನರಿ ಈಜುತ್ತಿತ್ತು. ಸುತ್ತ ಕೊಯ್ದಿಟ್ಟಂಥ ಗೋಡೆ. ಉಗುರು ಹತ್ತಿಸುವುದು, ಜಾರುವುದು. ಕೊನೆಗೆ ಗೇಣುದ್ದ ನೀರಿನಡಿ ಇದ್ದ ಒಂದು ಕಲ್ಲಿನ ಮೆಟ್ಟಿಲು ಕಾಲಿಗೆ ಸಿಕ್ಕು, ನಡುಗುತ್ತ ನಿಂತಿತು.

ಪಕ್ಕದ ಮನೆಯ ಟ್ರ್ಯಾಕ್ಟರ್ ಚಾಲಕ ಮುಕ್ರಮನನ್ನು ಕರೆದಳು. ಅವನು ಫರ್ಶಿ ಏರಿಸುವ ಉದ್ದನೆಯ ಹಲಗೆ ತಂದ. ಕಾಲು ಜಾರದಂತೆ ಅದಕ್ಕೆ ಗೋಣಿಚೀಲ ಸುತ್ತಿದರು. ಅಷ್ಟರಲ್ಲಿ ಅಂಚಿನ ಮೇಲೆ ಜನ ಸೇರಿತ್ತು. ನರಿಗೆ ಎಸೆದ ಕಲ್ಲುಗಳು ನೀರಿಗೆ ಬೀಳತೊಡಗಿದವು. ಮುಂದೆ, ಕೈಯಲ್ಲಿ ಬಡಿಗೆ ಹಿಡಿದು, ಆಡು ಸಾಕುವ ಭೀಮಶಾ.

“ಏನ್ ಮಾಡ್ಲಿಕತ್ತೀ ತುಳಜಾ? ನನ್ನ ಎರಡು ಮರಿ ತಿಂದದ ಅದು.”

“ಇದೇ ತಿಂದದಂತ ಹೆಂಗ ಹೇಳ್ತೀರಿ ಕಾಕಾ?”

“ಯಾವುದಾದ್ರೇನು, ನರಿ ನರೀನೇ!”

ಹಲಗೆ ಇಳಿಸಿದರೆ ಅದರ ತುದಿ ಮೆಟ್ಟಿಲ ಮೇಲೆ ನಿಲ್ಲದೆ ಜಾರಿತು. ಎರಡನೇ ಸಲವೂ ಜಾರಿತು. ಯಾರಾದರೂ ಕೆಳಗಿಳಿದು ಕಲ್ಲು ಕೊಟ್ಟು ಬಿಗಿಯಬೇಕು.

“ಬ್ಯಾಡ್ರಿ ಅಕ್ಕಾ, ಕಚ್ಚಿತಂದ್ರ?” ಎಂದ ಮುಕ್ರಮ.

“ಆ ಮೆಟ್ಟಿಲ ಕಡದಾಕಿ ನಾನೇ. ಎಲ್ಲಿ ಕಾಲಿಡಬೇಕು ನನಗ ಗೊತ್ತದ. ನೀ ಹಗ್ಗ ಗಟ್ಟಿ ಹಿಡಿ.”

ಸೊಂಟಕ್ಕೆ ಹಗ್ಗ ಬಿಗಿದು, ಗೋಡೆಯ ಹಳೆ ಕಚ್ಚುಗಳಲ್ಲಿ ಬೆರಳು ತೂರಿಸುತ್ತ ಇಳಿದಳು. ಉದ್ದ ಮೆಟ್ಟಿಲ ಆ ತುದಿಯಲ್ಲಿ, ಮೂರು ಮಾರು ದೂರದಲ್ಲಿ ನರಿ ಇತ್ತು. ಹಲ್ಲು ಕಿರಿದು ಗುರುಗುಟ್ಟಿತು. ಅದರ ಕಣ್ಣಿಗೆ ಕಣ್ಣು ಕೊಡದೆ ಅವಳು ಕಲ್ಲು ಹುಡುಕಲು ಬಗ್ಗಿದಳು. ಆಗ ಮೇಲಿಂದ ಯಾರೋ ಎಸೆದ ಕಲ್ಲು ಅವಳ ಕಿವಿ ಸವರಿ ಹೋಯಿತು. ಬೆಚ್ಚಿದವಳ ಕಾಲು ಜಾರಿತು, ಕುತ್ತಿಗೆವರೆಗೆ ನೀರಲ್ಲಿ ಮುಳುಗಿದಳು. ಹಗ್ಗ ಎಳೆದು ಉಸಿರು ಕಟ್ಟಿತು. ನರಿ ಮೈ ಕುಗ್ಗಿಸಿ ಇನ್ನೇನು ಎಗರುವಂತಿತ್ತು.

“ಯಾವನಲೇ ಅಂವ!” ಭೀಮಶಾನ ಧ್ವನಿ ಖಣಿಯಲ್ಲೆಲ್ಲ ಮೊಳಗಿತು. “ಕೆಳಗ ಹೆಣ್ಮಗಳು ಅದಾಳ, ಕಾಣಂಗಿಲ್ಲೇನು? ಇನ್ನೊಂದು ಕಲ್ಲು ಬಿತ್ತಂದ್ರ ನಿನ್ನ ಕಾಲು ಮುರೀತೀನಿ!” ಬಡಿಗೆ ಬಿಸಾಕಿ, ಮುಕ್ರಮನ ಹಿಂದೆ ನಿಂತು ಅವನೂ ಹಗ್ಗ ಹಿಡಿದ.

ತುಳಜಾಬಾಯಿ ಮತ್ತೆ ಮೆಟ್ಟಿಲೇರಿದಳು. ಬೆರಳುಗಳು ಮರಗಟ್ಟಿದ್ದವು. ಹಲಗೆಯ ಬುಡಕ್ಕೆ ಎರಡು ಕಲ್ಲು ಒತ್ತಿ, ಅಲುಗಾಡಿಸಿ ನೋಡಿ, ಮೇಲೆ ಬಂದಳು.

ನರಿ ಮಾತ್ರ ಕದಲಲಿಲ್ಲ.

“ನಾವು ಇಲ್ಲಿ ಇರೋತನಕ ಅದು ಬರಂಗಿಲ್ಲ. ಎಲ್ಲಾರೂ ದೂರ ಸರೀರಿ,” ಎಂದಳು ತುಳಜಾಬಾಯಿ.

“ಮತ್ತ ನನ್ನ ಮರಿ?” ಎಂದ ಭೀಮಶಾ.

“ನಿಮ್ಮ ಆಡಿನ ದಡ್ಡಿಗೆ ನರಿ ನುಸುಳದಂಗ ನಾನೇ ಬಿಗಿ ತಟ್ಟಿ ಕಟ್ಟಿಕೊಡ್ತೀನಿ ಕಾಕಾ.”

ಅವನು ಜನರನ್ನು ತಾನೇ ಹಿಂದೆ ಅಟ್ಟಿದ.

ಮೂವರೂ ಹಿತ್ತಲ ಬೇಲಿಯ ಮರೆಯಲ್ಲಿ ಕೂತರು. ಅವಳು ಒದ್ದೆ ಸೀರೆಯ ಮೇಲೆ ಕಂಬಳಿ ಹೊದ್ದಿದ್ದಳು. ಅರ್ಧ ತಾಸಾಯಿತು. ಗೋಣಿಯ ಮೇಲೆ ಉಗುರಿನ ಸಪ್ಪಳ ಕೇಳಿತು, ನಿಂತಿತು. ನೀರಿಗೆ ಏನೋ ಬಿದ್ದ ಸದ್ದು. ತುಳಜಾಬಾಯಿ ಕಣ್ಣು ಮುಚ್ಚಿದಳು. ಮತ್ತೆ ಸಪ್ಪಳ. ಈ ಸಲ ಅಂಚಿನಲ್ಲಿ ಎರಡು ಕಿವಿ ಕಂಡವು. ನರಿ ಮೇಲೇರಿ, ಒಂದು ಸಲ ಮೈ ಕೊಡವಿ, ಕೊಯ್ದ ತೊಗರಿ ಹೊಲದ ಗುಂಟ ಕುಂಟುತ್ತ ಓಡಿಹೋಯಿತು.

ತುಳಜಾಬಾಯಿಯ ಮೊಣಕಾಲು ಊದಿ ಹದಿನೈದು ದಿನ ಕೆಲಸಕ್ಕೆ ಹೋಗಲಾಗಲಿಲ್ಲ. ಕೂತಲ್ಲೇ ತಟ್ಟಿ ಹೆಣೆದು ಕೊಟ್ಟಳು. ಅದನ್ನು ಒಯ್ಯಲು ಬಂದ ಭೀಮಶಾ, ಬಿದ್ದ ಪ್ರಾಣಿ ಹತ್ತಿ ಬರುವಂತೆ ಖಣಿಯ ಮೂಲೆಯಲ್ಲಿ ಚೂರುಕಲ್ಲು ಸುರಿದು ಇಳಿಜಾರು ಮಾಡಿದರೆ ಹೇಗೆ ಎಂದು ಕೇಳಿದ. ಅವನ ಆಡೂ ಒಂದು ಸಲ ಅಲ್ಲಿ ಬಿದ್ದು ಸತ್ತಿತ್ತಂತೆ. ಮುಕ್ರಮ ಈವರೆಗೆ ಆರು ಟ್ರಿಪ್ ಸುರಿದಿದ್ದಾನೆ. ಇಳಿಜಾರು ನೀರಿನ ಮಟ್ಟ ಮುಟ್ಟಲು ಇನ್ನೂ ನಾಲ್ಕು ಟ್ರಿಪ್ಪಾದರೂ ಬೇಕು.