ದೂರಿನಲ್ಲಿದ್ದ ಹೆಸರು

ಅಕ್ಕೋರ ಬಲಗೈ ಕಿರುಬೆರಳು ಡೊಂಕಾಗಿತ್ತು. ಟೈಪ್‌ರೈಟರ್ ಕುಟ್ಟಿ ಕುಟ್ಟಿ ಅದು ಪಕ್ಕದ ಬೆರಳಿನೊಡನೆ ಮುನಿಸಿಕೊಂಡಂತೆ ಆಚೆ ತಿರುಗಿ ನಿಂತಿತ್ತು. ನಾವು ಹೊಡೆದ ಹಾಳೆಯ ಮೇಲೆ ಅದೇ ಬೆರಳನ್ನು ಸಾಲು ಸಾಲಾಗಿ ಸರಿಸುತ್ತಿದ್ದರು. ಬೆರಳು ನಿಂತರೆ ಅಲ್ಲೊಂದು ತಪ್ಪು ಇದೆಯೆಂದೇ ಅರ್ಥ. ಕೆಂಪು ಪೆನ್ಸಿಲಿನ ಸುತ್ತು ಬಿತ್ತೆಂದೇ ಲೆಕ್ಕ.

ಹಗರಿಬೊಮ್ಮನಹಳ್ಳಿಯಲ್ಲಿ ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ಅವರ ಟೈಪಿಂಗ್ ಕ್ಲಾಸು. ಕೆಳಗೆ ಗಿರಣಿ, ಮೇಲೆ ಹನ್ನೆರಡು ಮಷಿನ್ನು. ಎರಡೂ ಒಟ್ಟಿಗೆ ಶುರುವಾದರೆ ದೇವರೇ ಗತಿ. ಅಕ್ಕೋರ ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಕೀಲಿಗಳು ಕಾಣದ ಹಾಗೆ ನಮ್ಮ ಕೈಗಳ ಮೇಲೆ ರಟ್ಟು ಮುಚ್ಚುತ್ತಿದ್ದರು. "ಕೈ ಏನ್ ನೋಡ್ತಿ? ಹಾಳಿ ನೋಡು. ಕೈ ತನ್ನ ಕೆಲ್ಸ ತಾ ಮಾಡತೈತಿ" ಎನ್ನುವುದು ಅವರ ದಿನನಿತ್ಯದ ಮಂತ್ರ.

ಆಗ ಎದುರಿಗೇ ನೆಟ್ ಸೆಂಟರ್ ಬಂತು. ಪ್ಲೈವುಡ್ಡಿನ ಗೂಡುಗಳು, ಅವಕ್ಕೆ ಪರದೆಗಳು. ಮಾಲೀಕ ಊರಿನ ಸಾಹುಕಾರರ ಮಗ, ಅಕ್ಕೋರ ಹಳೆಯ ವಿದ್ಯಾರ್ಥಿ. ನಮ್ಮನ್ನೆಲ್ಲ ಬಾಯಿತುಂಬ "ತಂಗಿ" ಎನ್ನುತ್ತಿದ್ದ. ನನಗೆ ಮೇಲ್ ಐಡಿ ಮಾಡಿಕೊಟ್ಟವನೂ ಅವನೇ, ಫೋಟೋ ಸ್ಕ್ಯಾನ್ ಮಾಡಿಕೊಟ್ಟವನೂ ಅವನೇ. ಚಾಟ್‌ನಲ್ಲಿ ದಾವಣಗೆರೆಯ ಹುಡುಗಿಯೊಬ್ಬಳು ಗೆಳತಿಯಾದಳು. ಮೂರು ತಿಂಗಳಲ್ಲಿ ನನ್ನ ಮನೆಯ ಗುಟ್ಟೆಲ್ಲ ಅವಳಿಗೆ ಗೊತ್ತಾಗಿತ್ತು. ಆಮೇಲೊಂದು ದಿನ, ಅಸಹ್ಯದ ಚಿತ್ರವೊಂದಕ್ಕೆ ನನ್ನ ಮುಖ ಅಂಟಿಸಿ ಕಳಿಸಿದಳು. ಹೇಳಿದ ಜಾಗಕ್ಕೆ ಒಬ್ಬಳೇ ಬರಬೇಕು, ಬರದಿದ್ದರೆ ಅದು ಅಡತಿ ಅಂಗಡಿಯಲ್ಲಿರುವ ನನ್ನ ಅಪ್ಪನ ಕೈ ಸೇರುತ್ತದೆ. ನನಗಾಗ ಹದಿನೇಳು.

ಮರುದಿನ ಅಕ್ಕೋರ ಕಿರುಬೆರಳು ನನ್ನ ಹಾಳೆಯ ಪ್ರತಿ ಸಾಲಿನಲ್ಲೂ ನಿಂತಿತು. ಪೆನ್ಸಿಲ್ ಮಾತ್ರ ಎತ್ತಲಿಲ್ಲ. ಉಳಿದವರನ್ನು ಮನೆಗೆ ಕಳಿಸಿ ಬಾಗಿಲು ಹಾಕಿದರು.

"ಈ ತಪ್ಪು ಬೆರಳಿಂದಲ್ಲ. ಏನಾಗೈತಿ ಹೇಳು."

ಅಳುತ್ತಾ ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. "ಆಕಿ ಕಡಿಗಿ ಏನ್ ಬರದಾಳ?" ಎಂದಷ್ಟೇ ಕೇಳಿದರು. ಇವತ್ತು ನೀಲಿ ಚೂಡಿದಾರ ಚೆನ್ನಾಗಿ ಒಪ್ಪುತ್ತಿದೆ ಎಂದು ಬರೆದಿದ್ದಳು.

"ದಾವಣಗೇರಿಯಾಗ ಕುಂತಾಕಿಗೆ ನಿನ್ನ ಚೂಡಿದಾರ ಹೆಂಗ ಕಾಣತೈತಿ ಲೇ?" ಎಂದವರು ಕಿಟಕಿಯಾಚೆ ನೋಡಿದರು. ಎದುರಿಗೆ ನೆಟ್ ಸೆಂಟರಿನ ಬಾಗಿಲಲ್ಲಿ ಅವನು ಕುಳಿತು ಚಹಾ ಕುಡಿಯುತ್ತಿದ್ದ. "ನಾನ ಕಲಿಸಿದ ಕೈ ಅದು" ಎಂದರು. ಆಮೇಲೆ ನನ್ನ ಗಲ್ಲ ಹಿಡಿದೆತ್ತಿ, "ತಪ್ಪು ನಿಂದಲ್ಲ. ತಿಳೀತಾ?" ಎಂದರು.

ನನ್ನ ಹೆಸರು ಹಾಕದೆ ದೂರು ಟೈಪ್ ಮಾಡಿ ಠಾಣೆಗೆ ಒಯ್ದರು. ಅಲ್ಲಿಯವರಿಗೆ ಹುಡುಗಿಯ ಹೆಸರು ಬೇಕಿತ್ತು. ಹೆಸರು ಕೊಟ್ಟರೆ ಸಂಜೆಯೊಳಗೆ ಊರಿಗೆಲ್ಲ ತಿಳಿಯುತ್ತಿತ್ತು. ತಿಂಗಳೊಳಗೆ ನನ್ನನ್ನು ಸೋದರಮಾವನಿಗೆ ಕಟ್ಟುತ್ತಿದ್ದರು. ಅಕ್ಕೋರು ವಾಪಸ್ ಬಂದು ಹೊಸ ಹಾಳೆ ಏರಿಸಿ ಅದೇ ದೂರನ್ನು ಮತ್ತೆ ಹೊಡೆದರು. ನನ್ನ ಹೆಸರಿರಬೇಕಾದ ಕಡೆ ತಮ್ಮ ಹೆಸರು. ವಯಸ್ಸು ಐವತ್ತೆರಡು.

ಪೊಲೀಸರು ಅವನನ್ನು ಹಿಡಿದು ಕಂಪ್ಯೂಟರ್ ಹೊತ್ತೊಯ್ದರು. ಅದರಲ್ಲಿ ಎಷ್ಟೋ ಹುಡುಗಿಯರ ಫೋಟೋಗಳಿದ್ದವಂತೆ. ಯಾವ ಹುಡುಗಿಯ ಅಪ್ಪನೂ ಮುಂದೆ ಬರಲಿಲ್ಲ. ಅಕ್ಕೋರದು ಮಾತ್ರ ಇರಲಿಲ್ಲ, ಇರುವುದಾದರೂ ಹೇಗೆ? ದೂರು ಸುಳ್ಳೆಂದಾಯಿತು. ನಾಲ್ಕೇ ದಿನಕ್ಕೆ ಅವನು ಹೊರಗೆ ಬಂದ. ನನಗೆ ಬೆದರಿಕೆ ಮಾತ್ರ ನಿಂತುಹೋಯಿತು.

ಊರು ನಕ್ಕಿತು. ಅಪ್ಪ ಊಟಕ್ಕೆ ಕೂತಾಗ, "ಆ ಮುದುಕಿ ಫೋಟೋ ಯಾರಿಗೆ ಬೇಕಾಗಿತ್ತೋ ಮಾರಾಯ!" ಎಂದು ನಕ್ಕ. ಅಣ್ಣ ನಕ್ಕ. ರೊಟ್ಟಿ ಬಡಿಸುತ್ತಿದ್ದ ನಾನೂ ನಕ್ಕೆ. ಆ ನಗುವಿಗೆ ನನ್ನನ್ನು ಇವತ್ತಿಗೂ ಕ್ಷಮಿಸಿಕೊಂಡಿಲ್ಲ.

ಅಂಥ ಹೆಂಗಸಿನ ಹತ್ತಿರ ಹೆಣ್ಣುಮಕ್ಕಳನ್ನು ಕಳಿಸಬಾರದೆಂದು ಮನೆಮನೆಯಲ್ಲೂ ತೀರ್ಮಾನವಾಯಿತು. ನನ್ನನ್ನೂ ಬಿಡಿಸಿದರು. ವರ್ಷದೊಳಗೆ ಅಕ್ಕೋರು ಮಷಿನ್ನುಗಳನ್ನು ಗುಜರಿಗೆ ಹಾಕಿ ಮಾಗಳದ ತವರಿಗೆ ಹೋದರು. ಮುಂದೆ ಹಡಗಲಿಯ ಕಚೇರಿಯೊಂದರಲ್ಲಿ ನನಗೆ ಟೈಪಿಸ್ಟ್ ಕೆಲಸ ಸಿಕ್ಕಿತು, ಅವರು ಕಲಿಸಿದ ವಿದ್ಯೆಯಿಂದಲೇ. ಒಮ್ಮೆ ಪಿಂಚಣಿಯ ಅರ್ಜಿ ಹಿಡಿದು ಬಂದವರು, ನನ್ನ ಮೇಜಿನ ಮೇಲಿದ್ದ ಹಾಳೆಯುದ್ದಕ್ಕೂ ಆ ಡೊಂಕು ಬೆರಳು ಸರಿಸಿ, "ಒಂದೂ ತಪ್ಪಿಲ್ಲ ಲೇ" ಎಂದು ಹಿಗ್ಗಿದರು. ನಾನು ಚಹಾ ತರಿಸಿದೆ. ಅಷ್ಟೇ ನನ್ನಿಂದಾದದ್ದು.

ಅಕ್ಕೋರು ತೀರಿಕೊಂಡಾಗ ಅವರ ಮಣ್ಣಿಗೆ ಮಾಗಳಕ್ಕೆ ಹೋದೆ. ಹೆಣದ ತಲೆಯ ಹತ್ತಿರ ನಿಂತಿದ್ದೆ. ಬಿಳಿ ಕಾರೊಂದು ಬಂತು, ಅದರಿಂದ ನೆಟ್ ಸೆಂಟರಿನವನು ಇಳಿದ. ಅವನೀಗ ಊರಿನ ಮುಖಂಡ. "ಬರ್ರಿ ಸಾಹುಕಾರ್ರ, ಬರ್ರಿ" ಎಂದು ಜನ ಎದ್ದರು. ಕೈಯಲ್ಲಿ ದೊಡ್ಡ ಹಾರ. "ನಮ್ಮ ಗುರುಗಳು ರೀ. ಪಾಪ, ನಡುವ ಸ್ವಲ್ಪ ತಲಿ ಕೆಟ್ಟಿತ್ತು" ಎಂದ. ಜನ ಹೌದೆಂದು ತಲೆಯಾಡಿಸಿದರು. ಹಾರ ಹಾಕಲು ನಾನು ಅಡ್ಡವಾಗಿದ್ದೆ. "ಸ್ವಲ್ಪ ಸರೀ ತಂಗಿ" ಎಂದ.

ನಾನು ಸರಿದು ದಾರಿ ಬಿಟ್ಟೆ.